ಜಗಲಿಯಲ್ಲೇ ಅಳೆದ ಅವಳಿಗಳ ಬಿಪಿ

ಮನೆಮನೆಗೆ ಹೋಗಿ ಅವಳಿಗಳ ಬಿಪಿ ಅಳೆದರೆ ಅದರ ಏರಿಳಿತದಲ್ಲಿ ವಂಶವಾಹಿಯ ಪಾಲು ಎಷ್ಟೆಂದು ಸಿಗುವುದಿಲ್ಲ, ಲ್ಯಾಬಿಗೇ ಕರೆಸಬೇಕು ಎಂದವರೇ ಹೆಚ್ಚು. ಕಾಸರಗೋಡು ಕಡೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿ ನೂರೈವತ್ತರ ಹತ್ತಿರ ಅವಳಿ ಜೋಡಿಗಳನ್ನು ಅಳೆದ ಮೇಲೆ ಹೇಳುತ್ತೇನೆ, ಸಿಗುತ್ತದೆ. ತದ್ರೂಪಿ ಅವಳಿಗಳ ವಂಶವಾಹಿ ಹೆಚ್ಚುಕಡಿಮೆ ಒಂದೇ, ಭಿನ್ನ ಅವಳಿಗಳದು ಸರಾಸರಿ ಅರ್ಧ ಒಂದೇ. ತದ್ರೂಪಿಗಳ ಬಿಪಿ ಎಷ್ಟು ಹೆಚ್ಚು ಹೋಲುತ್ತದೆ ಎಂಬುದರಿಂದಲೇ ಆ ಪಾಲಿನ ಲೆಕ್ಕ.

ಮೊದಲ ಸುತ್ತು ಪೂರ್ತಿ ನಷ್ಟ. ಅಕ್ಕನನ್ನು ಬೆಳಗ್ಗೆ ತವರಲ್ಲಿ, ತಂಗಿಯನ್ನು ಸಂಜೆ ಗಂಡನ ಮನೆಯಲ್ಲಿ ಅಳೆದದ್ದೇ ತಪ್ಪು. ಹೊತ್ತಿನ ಏರುಪೇರಿನಿಂದ ತದ್ರೂಪಿಗಳ ಸಹಸಂಬಂಧ (ಜೋಡಿಯ ಅಂಕಿಗಳು ಎಷ್ಟು ಹೋಲುತ್ತವೆ ಎಂಬ ಅಳತೆ) ಭಿನ್ನ ಅವಳಿಗಳ ಮಟ್ಟಕ್ಕೆ ಕುಸಿಯಿತು. ಜೀಪಿನ ಬಾಡಿಗೆಯೇ ನಲವತ್ತು ಸಾವಿರ ಆಗಿರಬೇಕು. ಈಗ ಒಂದೇ ಜಗಲಿ, ಒಂದೇ ಹೊತ್ತು, ಒಂದೇ ಯಂತ್ರ. ಹಾಗೆ ಅಳೆದರೆ ಹೋಲಿಕೆ ತಾನೇ ಹೆಚ್ಚೀತು ಎನ್ನುತ್ತಾರೆ. ಅದು ಎರಡೂ ಬಗೆಯ ಜೋಡಿಗೆ ಸಮನಾಗಿ ಹೆಚ್ಚುತ್ತದೆ, ಒಂದರಿಂದ ಇನ್ನೊಂದನ್ನು ಕಳೆಯುವಾಗ ಹೋಗುತ್ತದೆ. ಇಬ್ಬರನ್ನೂ ಒಂದೇ ದಿನ ಸೇರಿಸುವ ಉಪಾಯ ನಮ್ಮಲ್ಲೇ ಇರಲಿ.

ಮಣಿಕಟ್ಟಿನ ಯಂತ್ರ ಬೇಡ. ಕೈ ಎದೆಮಟ್ಟದಿಂದ ಕೆಳಗಿಳಿದರೆ ಅಂಕಿ ಏರುತ್ತದೆ. ದಪ್ಪ ತೋಳಿಗೆ ಸಣ್ಣ ಕಫ್ (ಗಾಳಿ ತುಂಬುವ ಪಟ್ಟಿ) ಸುತ್ತಿದರೂ ಅದೇ ಪಾಡು. ಎಲೆಅಡಿಕೆ, ಹೊಗೆಸೊಪ್ಪು, ಚಾ ಬಿಟ್ಟು ಅರ್ಧ ಗಂಟೆ, ಒರಗಿ ಕೂತು ಐದು ನಿಮಿಷ ಮೌನ. ಮೂರು ಸಲ ಅಳೆದು ಮೊದಲನೆಯದನ್ನು ಬಿಡುತ್ತೇನೆ. ನಾಡಿ ಪೂರಾ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ಗುಣಿಸಿದರೆ ಒಂದು ಬಡಿತ ತಪ್ಪಿದರೂ ನಾಲ್ಕು ತಪ್ಪಿದಂತೆ.

ಅತಿ ಹೆಚ್ಚು ಕಾಡಿದ್ದು ಜೋಡಿ ತದ್ರೂಪಿಯೋ ಭಿನ್ನವೋ ಎಂದು ಗುರುತಿಸುವುದು. ‘ಹೆರಿಗೆಯಲ್ಲಿ ಮಾಸು ಎರಡಿತ್ತು, ಹಾಗಾಗಿ ತದ್ರೂಪಿಗಳಲ್ಲ’ ಎಂದು ಮನೆಯವರು ಹೇಳಿದ್ದನ್ನು ಹಾಗೇ ಬರೆದುಕೊಂಡು ಕೆಟ್ಟೆವು. ತದ್ರೂಪಿಗಳಲ್ಲೂ ಸುಮಾರು ಮೂರರಲ್ಲೊಂದು ಜೋಡಿಗೆ ಮಾಸು ಬೇರೆಬೇರೆ ಇರುತ್ತದೆ. ‘ಚಿಕ್ಕಂದಿನಲ್ಲಿ ಅಮ್ಮನಿಗೇ ಗುರುತು ತಪ್ಪುತ್ತಿತ್ತೇ?’ ಎಂಬಂಥ ಪ್ರಶ್ನೆಗಳು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಸರಿಹೋಗುತ್ತವೆ. ಅನುಮಾನ ಉಳಿದವರಿಗೆ ಮಾತ್ರ ಡಿಎನ್‌ಎ. ದುಡ್ಡು ಉಳಿಯುವುದು ಇಲ್ಲೇ.

ಬಿಪಿ ಮಾತ್ರೆ ನುಂಗುವವರನ್ನು ಕೈಬಿಡಬೇಡಿ. ಮಾತ್ರೆ ಇಳಿಸಿದ್ದನ್ನು ಸರಿದೂಗಿಸಲು ಮೇಲಿನ ಅಂಕಿಗೆ 15, ಕೆಳಗಿನದಕ್ಕೆ 10 ಸೇರಿಸಿ. ನಾಡಿಯನ್ನೂ ನಿಧಾನಿಸುವ ಅಟೆನೊಲಾಲ್ ಮಾತ್ರೆ ತೆಗೆದುಕೊಳ್ಳುವವರ ನಾಡಿಯನ್ನಷ್ಟೇ ಲೆಕ್ಕದಿಂದ ಬಿಟ್ಟೆವು. ವಯಸ್ಸಿನ ಪ್ರಭಾವ ಮೊದಲೇ ಕಳೆಯಿರಿ. ಅವಳಿಗಳ ವಯಸ್ಸು ಒಂದೇ, ಅದು ಉಳಿದರೆ ಮನೆಯ ವಾತಾವರಣದ ಪಾಲು ಸುಳ್ಳೇ ಉಬ್ಬುತ್ತದೆ. ಆಮೇಲೆ ವಂಶವಾಹಿಯ ಪಾಲು ಹೇಳುವ ಫಾಲ್ಕನರ್ ಸೂತ್ರ: ಸಹಸಂಬಂಧ ತದ್ರೂಪಿಗಳಲ್ಲಿ 0.60, ಭಿನ್ನ ಅವಳಿಗಳಲ್ಲಿ 0.35 ಬಂದರೆ ವ್ಯತ್ಯಾಸದ ದುಪ್ಪಟ್ಟು 0.50, ಅಂದರೆ ಪಾಲು ಅರ್ಧ. ನಮ್ಮ ಬಿಪಿ ಲೆಕ್ಕ ಇದರ ಆಸುಪಾಸಿಗೇ ಬಂತು. ಹೊರಗಿನ ಅವಳಿ ಅಧ್ಯಯನಗಳಲ್ಲೂ ಹೆಚ್ಚುಕಡಿಮೆ ಅರ್ಧವೇ.

ನಡುವೆ ಕುಂಬಳೆಯ ಮೀನಂಗಡಿಯಿಂದ ಐಸ್ ತಂದು, ತಣ್ಣನೆಗೆ ಬಿಪಿ ಎಷ್ಟು ಏರುತ್ತದೆ ಎಂದು ನೋಡುವ ತಣ್ಣೀರ ಪರೀಕ್ಷೆಯನ್ನೂ ಮಾಡಿದೆವು: ಕೈಯನ್ನು ಐಸ್ ನೀರಲ್ಲಿ ಮಣಿಕಟ್ಟಿನವರೆಗೆ ಒಂದು ನಿಮಿಷ ಮುಳುಗಿಸಿ, ಇನ್ನೊಂದು ತೋಳಲ್ಲಿ ಬಿಪಿ. ನೀರನ್ನು ಕಲಕುತ್ತಲೇ ಇರಬೇಕು, ಇಲ್ಲದಿದ್ದರೆ ಕೈಯ ಸುತ್ತ ಬೆಚ್ಚಗಾಗುತ್ತದೆ. ಒಬ್ಬರು ಕೈ ಮುಳುಗಿಸುವಾಗ ಇನ್ನೊಬ್ಬರನ್ನು ಒಳಗೆ ಕಳುಹಿಸಿ. ನೋಡುತ್ತ ಕೂತವರ ನಾಡಿಯೂ ಏರುತ್ತದೆ.