ಒಣಮೀನಿನ ದಾರಿಯಲ್ಲಿ ಹದಿನೇಳು ರಾತ್ರಿ: ನಾರ್ವೆ ಪ್ರವಾಸವನ್ನು ನಾವು ಯೋಜಿಸಿದ ಬಗೆ

ನನ್ನ ಪತಿ ನಿವೃತ್ತರಾದ ವರ್ಷ, ಅದುವರೆಗೆ ಕೂಡಿಟ್ಟ ಹಣದಲ್ಲಿ ಒಂದೇ ಒಂದು ದೊಡ್ಡ ಪ್ರವಾಸವನ್ನು ಯಾವ ಕೊರತೆಯೂ ಇಲ್ಲದಂತೆ ಮಾಡಿಬರಬೇಕೆಂದು ನಾವಿಬ್ಬರೂ ನಿಶ್ಚಯಿಸಿದೆವು. ಎಪ್ಪತ್ತೆರಡು ವರ್ಷದ ನನ್ನ ಅಮ್ಮನೂ ನಮ್ಮೊಂದಿಗೆ ಬರುವುದೆಂದಾಯಿತು. ದೇಶ ನಾರ್ವೆ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಕುಂದಾಪುರದ ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದ ನಮಗೆ, ಬೆಟ್ಟದ ನಡುವೆ ನೂರಾರು ಕಿಲೋಮೀಟರ್ ಒಳಕ್ಕೆ ನುಗ್ಗಿಬರುವ ಕಡಲನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂಬ ಆಸೆ ಹಳೆಯದು. ಬೆಂಗಳೂರಿನ ಒಬ್ಬ ಪ್ರವಾಸ ಏಜೆಂಟರು ಕಳುಹಿಸಿದ ಮೊದಲ ಪಟ್ಟಿಯಲ್ಲಿ ಹನ್ನೆರಡು ದಿನಗಳಿಗೆ ಹತ್ತು ಊರುಗಳಿದ್ದವು. ಹೋಟೆಲುಗಳೆಲ್ಲ ಉತ್ತಮವಾದವೇ ಆಗಿದ್ದರೂ, ಹೆಚ್ಚುಕಡಿಮೆ ಪ್ರತಿದಿನ ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಹೊರಡುವ ಆ ಪ್ರವಾಸದಲ್ಲಿ ಅಮ್ಮನಿಗೆ ನೆನಪಿನಲ್ಲಿ ಉಳಿಯುವುದು ಬಸ್ಸಿನ ಕಿಟಕಿ ಮಾತ್ರ ಎಂದು ನನಗೆ ಅನಿಸಿತು. ಅಂದಿನಿಂದ ಯೋಜನೆಯನ್ನು ನಾನೇ ಕೈಗೆತ್ತಿಕೊಂಡೆ. ಅದಕ್ಕೆ ಹನ್ನೊಂದು ತಿಂಗಳು ಹಿಡಿಯಿತು.

ಮೊದಲ ತಿಂಗಳು ನಾನು ಯಾವುದನ್ನೂ ಕಾದಿರಿಸಲಿಲ್ಲ, ಓದಿದೆ ಅಷ್ಟೆ. ಆ ಓದಿನಲ್ಲಿ ನನಗೆ ಪ್ರವಾಸದ ದಾರಿಯೇ ಸಿಕ್ಕಿತು. ಬರ್ಗನ್ ನಗರದ ಬಂದರಿನಲ್ಲಿರುವ ಬ್ರಿಗೆನ್ ಎಂಬ ಮರದ ಕಟ್ಟಡಗಳ ಸಾಲನ್ನು ಯುನೆಸ್ಕೊ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾನ್ಸಾ ಎಂಬ ವರ್ತಕರ ಒಕ್ಕೂಟಕ್ಕೆ ಸೇರಿದ ಜರ್ಮನಿಯ ವ್ಯಾಪಾರಿಗಳು ಶತಮಾನಗಳ ಕಾಲ ಅಲ್ಲಿ ಕುಳಿತು ಕೊಂಡು ಮಾರಿದ ಮುಖ್ಯ ಸರಕು ಒಣಮೀನು. ಆ ಮೀನು ಬರುತ್ತಿದ್ದದ್ದು ಉತ್ತರದ ಲೊಫೊಟೆನ್ ದ್ವೀಪಗಳಿಂದ, ಕಡಲ ಮಾರ್ಗವಾಗಿ. ಮಲ್ಪೆ, ಗಂಗೊಳ್ಳಿಗಳ ಒಣಮೀನು ಘಟ್ಟ ಹತ್ತಿ ಹೋಗುವುದನ್ನು ಕಂಡು ಬೆಳೆದ ನನಗೆ ಈ ಸಂಗತಿ ತಟ್ಟನೆ ಹತ್ತಿರವಾಯಿತು. ಮೀನು ಇಳಿದು ಬಂದ ದಾರಿಯಲ್ಲೇ ನಾವು ಮೇಲಕ್ಕೆ ಹೋಗೋಣ, ಆ ದಾರಿಗೆ ಸೇರದ ಊರನ್ನು, ಅದೆಷ್ಟೇ ಸುಂದರವಾಗಿರಲಿ, ಬಿಟ್ಟುಬಿಡೋಣ ಎಂದು ತೀರ್ಮಾನಿಸಿದೆ. ಹೀಗೆ ಸ್ಟವಾಂಗರ್ ಹೋಯಿತು, ಟ್ರೋಮ್ಸೊ ಹೋಯಿತು, ಉತ್ತರ ತುದಿಯ ನಾರ್ತ್ ಕೇಪ್ ಕೂಡ ಹೋಯಿತು. ಕೊನೆಗೆ ಉಳಿದದ್ದು ಹದಿನೇಳು ರಾತ್ರಿ: ಓಸ್ಲೊದಲ್ಲಿ ಮೂರು, ಸೊಗ್ನೆ ಎಂಬ ಫ್ಯೋರ್ಡಿನ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ) ದಂಡೆಯ ಬಾಲೆಸ್ಟ್ರಾಂಡಿನಲ್ಲಿ ಮೂರು, ಬರ್ಗನ್ನಿನಲ್ಲಿ ಎರಡು, ಹಡಗಿನಲ್ಲಿ ಮೂರು, ಲೊಫೊಟೆನ್‌ನಲ್ಲಿ ನಾಲ್ಕು, ಮರಳಿ ಓಸ್ಲೊದಲ್ಲಿ ಎರಡು.

ಕಾಲವನ್ನು ಜೂನ್ ಎರಡನೆಯ ವಾರದಿಂದ ಆರಿಸಿಕೊಂಡೆವು. ಆಗ ಬೆಟ್ಟದ ಹಿಮ ಕರಗಿ ಜಲಪಾತಗಳು ತುಂಬಿರುತ್ತವೆ. ಲೊಫೊಟೆನ್‌ನಲ್ಲಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಕಾದಿರಿಸುವಾಗ ದಿನಾಂಕದ ಕ್ರಮವನ್ನು ಬಿಟ್ಟು, ಯಾವುದು ಅತಿ ವಿರಳವೋ ಅದನ್ನು ಮೊದಲು ಹಿಡಿಯುವುದು ನಾನು ಪಾಲಿಸಿದ ನಿಯಮವಾಗಿತ್ತು. ಹಡಗಿನ ದೊಡ್ಡ ಕೋಣೆಗಳು ಎಣಿಕೆಗೆ ಸಿಗುವಷ್ಟೇ ಇರುತ್ತವೆ. ಆದ್ದರಿಂದ ಮೊದಲು ಹಡಗು, ಆಮೇಲೆ ಲೊಫೊಟೆನ್‌ನ ಮನೆ, ಅದಾದ ಮೇಲೆ ಬಾಲೆಸ್ಟ್ರಾಂಡ್, ಕಟ್ಟಕಡೆಗೆ ನಗರಗಳು. ನಗರಗಳಲ್ಲಿ ಒಳ್ಳೆಯ ಹೋಟೆಲ್ ಕೊನೆಯವರೆಗೂ ಸಿಗುತ್ತದೆ, ಹಳ್ಳಿಗಳಲ್ಲಿ ಸಿಗುವುದಿಲ್ಲ.

ವೀಸಾದ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. ನಾರ್ವೆ ಯುರೋಪಿಯನ್ ಒಕ್ಕೂಟದ ಸದಸ್ಯ ದೇಶವಲ್ಲದಿದ್ದರೂ ಒಂದೇ ವೀಸಾದಲ್ಲಿ ಹಲವು ಯುರೋಪಿನ ದೇಶಗಳಲ್ಲಿ ಓಡಾಡಬಹುದಾದ ಷೆಂಗೆನ್ ವಲಯದಲ್ಲಿದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಸಲ್ಲಿಸಬಹುದು, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ನಾವು ಮಾರ್ಚ್‌ನಲ್ಲಿ ಕೊಟ್ಟೆವು, ತೊಡಕಾಗಲಿಲ್ಲ.

ಹಣವನ್ನು ಎಲ್ಲಿ ಸುರಿಯಬೇಕು, ಎಲ್ಲಿ ಹಿಡಿಯಬೇಕು ಎಂಬುದನ್ನು ಕುರಿತು ನಾನು ಬಹಳ ಯೋಚಿಸಿದ್ದೆ. ನಮ್ಮ ದೇಶದ ಪಂಚತಾರಾ ಹೋಟೆಲಿನಲ್ಲಿ ಬಾಗಿಲಿಗೊಬ್ಬ, ಪೆಟ್ಟಿಗೆಗೊಬ್ಬ ಸೇವಕರನ್ನು ಕಂಡು ಅಭ್ಯಾಸವಾದವರಿಗೆ ನಾರ್ವೆ ನಿರಾಸೆ ಉಂಟುಮಾಡಬಹುದು. ಅಲ್ಲಿ ದುಡಿಯುವವರ ಸಂಬಳ ಹೆಚ್ಚು, ಆದ್ದರಿಂದ ಕೆಲಸಗಾರರ ಸಂಖ್ಯೆ ಕಡಿಮೆ. ಎಷ್ಟು ದೊಡ್ಡ ಅತಿಥಿಯಾದರೂ ತಮ್ಮ ಪೆಟ್ಟಿಗೆಯನ್ನು ತಾವೇ ಎಳೆದುಕೊಂಡು ಹೋಗುವುದು ಸಾಮಾನ್ಯ. ಅಲ್ಲಿ ಹೆಚ್ಚು ಹಣ ಕೊಟ್ಟರೆ ಸಿಗುವುದು ಸ್ಥಳ: ನೀರಿನ ಕಡೆಗೆ ತೆರೆಯುವ ಕಿಟಕಿ, ಸ್ವಂತ ಬಾಲ್ಕನಿ, ನೆರೆಹೊರೆಯಿಲ್ಲದ ಮನೆ. ಅದನ್ನು ಅರಿತ ಮೇಲೆ ಓಸ್ಲೊ ಮತ್ತು ಬರ್ಗನ್ನಿನಲ್ಲಿ ಮಧ್ಯಮ ದರ್ಜೆಯ ಕೋಣೆ ಹಿಡಿದು, ಹಾಗೆ ಉಳಿದ ಹಣವನ್ನು ಫ್ಯೋರ್ಡಿನ ಎದುರಿನ ಕೋಣೆಗೂ ಹಡಗಿನ ಬಾಲ್ಕನಿಗೂ ಹಾಕಿದೆ. ಆ ನಿರ್ಧಾರ ಸರಿಯಾಗಿತ್ತೆಂದು ಇಂದಿಗೂ ನಂಬಿದ್ದೇನೆ.

ಓಸ್ಲೊದ ಮೊದಲ ಮೂರು ದಿನಗಳಲ್ಲಿ ಅಮ್ಮ ವಿಮಾನದ ಆಯಾಸದಿಂದ ಹೆಚ್ಚು ಓಡಾಡಲಿಲ್ಲ. ಗುಸ್ತಾವ್ ವಿಗೆಲಾನ್ ಕೆತ್ತಿದ ಇನ್ನೂರಕ್ಕೂ ಹೆಚ್ಚು ಶಿಲ್ಪಗಳಿರುವ ಉದ್ಯಾನವನ್ನು ನಿಧಾನವಾಗಿ ನೋಡಿದೆವು. ಚಿತ್ರಕಾರ ಎಡ್ವರ್ಡ್ ಮುಂಕ್‌ನ ಹೆಸರಿನ, 2021ರಲ್ಲಿ ತೆರೆದ ಹೊಸ ವಸ್ತುಸಂಗ್ರಹಾಲಯಕ್ಕೆ ನಾವಿಬ್ಬರು ಮಾತ್ರ ಹೋಗಿಬಂದೆವು. ಎದುರಿಗೇ ಇದ್ದ ಆಪೆರಾ ಭವನವನ್ನು ಕೊನೆಗೆ ನೋಡಿದರಾಯಿತೆಂದು ಬಿಟ್ಟೆವು.

ನಾಲ್ಕನೆಯ ದಿನ ಬರ್ಗನ್ ರೈಲು. 1909ರಲ್ಲಿ ಪೂರ್ಣಗೊಂಡ ಈ ಮಾರ್ಗ ಫಿನ್ಸೆ ಎಂಬ ನಿಲ್ದಾಣದಲ್ಲಿ 1,222 ಮೀಟರ್ ಎತ್ತರಕ್ಕೇರುತ್ತದೆ. ಜೂನ್ ತಿಂಗಳಲ್ಲಿಯೂ ಹಳಿಯ ಎರಡೂ ಕಡೆ ಹಿಮದ ತೇಪೆಗಳಿದ್ದವು. ಮೀರ್ದಾಲ್‌ನಲ್ಲಿ ಇಳಿದು, ಕೇವಲ 20 ಕಿಲೋಮೀಟರ್‌ನಲ್ಲಿ 866 ಮೀಟರ್ ಕೆಳಗಿಳಿಯುವ ಫ್ಲೋಮ್ ರೈಲನ್ನು ಹಿಡಿದೆವು. ಹೆಚ್ಚಿನವರು ಅಲ್ಲಿಂದ ಅದೇ ದಿನ ಬರ್ಗನ್ನಿಗೆ ಓಡುತ್ತಾರೆ. ನಾವು ಫ್ಲೋಮ್‌ನಿಂದ ವೇಗದ ದೋಣಿಯಲ್ಲಿ ಬಾಲೆಸ್ಟ್ರಾಂಡಿಗೆ ಹೋಗಿ, 1877ರಿಂದ ಒಂದೇ ಕುಟುಂಬದವರು ನಡೆಸಿಕೊಂಡು ಬಂದಿರುವ ಕ್ವಿಕ್ನೆಸ್ ಎಂಬ ಮರದ ಹೋಟೆಲಿನಲ್ಲಿ ತಂಗಿದೆವು. 1914ರ ಜುಲೈನಲ್ಲಿ, ಮೊದಲ ಮಹಾಯುದ್ಧ ಇನ್ನೇನು ಆರಂಭವಾಗಬೇಕು ಎನ್ನುವಾಗ, ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಇದ್ದದ್ದು ಇದೇ ಊರಿನಲ್ಲಿ. 205 ಕಿಲೋಮೀಟರ್ ಉದ್ದ, ಸುಮಾರು 1,300 ಮೀಟರ್ ಆಳದ ಸೊಗ್ನೆ ಫ್ಯೋರ್ಡ್ ನಮ್ಮ ಬಾಲ್ಕನಿಯ ಕೆಳಗೇ ಇತ್ತು. ಎರಡು ಪೂರ್ತಿ ದಿನಗಳ ಕಾಲ ಯಾವ ಟಿಕೆಟ್ಟನ್ನೂ ನಾನು ಉದ್ದೇಶಪೂರ್ವಕವಾಗಿ ಕೊಂಡಿರಲಿಲ್ಲ. ಅಮ್ಮ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರಿನ ಬಣ್ಣ ಬದಲಾಗುವುದನ್ನು ನೋಡುತ್ತ ಕುಳಿತಿದ್ದರು. ಇಡೀ ಪ್ರವಾಸದಲ್ಲಿ ತಮಗೆ ತುಂಬ ಇಷ್ಟವಾದ ಜಾಗ ಅದೆಂದು ಈಗಲೂ ಹೇಳುತ್ತಾರೆ.

ಬರ್ಗನ್ನಿನಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮಳೆ ಸುರಿಯುತ್ತದೆ, ನಮಗೂ ಎರಡೂ ದಿನ ಸುರಿಯಿತು. ಒಟ್ಟು ಮಳೆಯ ಲೆಕ್ಕದಲ್ಲಿ ನಮ್ಮ ಕರಾವಳಿಯೇ ಮುಂದು, ಆದರೆ ಅಲ್ಲಿನದು ತಣ್ಣನೆಯ ಮಳೆ. ಗಾಳಿಯಿರುವುದರಿಂದ ಕೊಡೆ ನಿಲ್ಲುವುದಿಲ್ಲ, ಟೊಪ್ಪಿಯಿರುವ ಗಟ್ಟಿ ಮಳೆಯಂಗಿಯೇ ಬೇಕು. ಆ ಮಳೆಯಲ್ಲಿಯೇ ಬ್ರಿಗೆನ್‌ನ ಓಣಿಗಳಲ್ಲಿ ನಡೆದೆವು. 1702ರ ಬೆಂಕಿಯ ನಂತರ ಹಳೆಯ ಮಾದರಿಯಲ್ಲಿಯೇ ಮತ್ತೆ ಕಟ್ಟಿದ ಆ ಮನೆಗಳ ನಡುವೆ, ಮೂಟೆ ಮೇಲೆತ್ತುವ ರಾಟೆಗಳನ್ನು ನೋಡುತ್ತಿದ್ದಂತೆ ಅಮ್ಮನಿಗೆ ನಮ್ಮೂರ ಹಳೆಯ ಬಂದರಿನ ಗೋದಾಮುಗಳು ನೆನಪಾದವು.

ಹಡಗಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಾರ್ವೆಯ ಕರಾವಳಿಗೆ ಬರುವ ದೊಡ್ಡ ವಿಹಾರ ನೌಕೆಗಳನ್ನು ನಾನು ಆರಂಭದಲ್ಲಿಯೇ ಬಿಟ್ಟೆ. ಸಾವಿರಾರು ಜನರನ್ನು ಒಮ್ಮೆಗೇ ಸಣ್ಣ ಊರಿಗೆ ಇಳಿಸುವ ಆ ಪ್ರಯಾಣ ನಮಗೆ ಬೇಕಾಗಿರಲಿಲ್ಲ. ನಾವು ಆರಿಸಿಕೊಂಡದ್ದು ಬರ್ಗನ್‌ನಿಂದ ರಷ್ಯಾದ ಗಡಿಯ ಬಳಿಯ ಕಿರ್ಕೆನೆಸ್‌ವರೆಗೆ 34 ಬಂದರುಗಳಲ್ಲಿ ನಿಂತು ಹೋಗುವ ಕರಾವಳಿ ಹಡಗನ್ನು. 1893ರಲ್ಲಿ ರಿಕಾರ್ಡ್ ವಿತ್ ಎಂಬ ಕ್ಯಾಪ್ಟನ್ ಆರಂಭಿಸಿದ ಈ ಮಾರ್ಗಕ್ಕೆ ಮೊದಲು, ಟ್ರೋಂಡ್‌ಹೈಮ್‌ನಿಂದ ಹಮ್ಮರ್‌ಫೆಸ್ಟ್‌ಗೆ ಕಾಗದವೊಂದು ತಲುಪಲು ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳು ಬೇಕಾಗುತ್ತಿತ್ತಂತೆ. 2021ರಿಂದ ಹುರ್ಟಿಗ್ರೂಟನ್ ಮತ್ತು ಹಾವಿಲಾ ಎಂಬ ಎರಡು ಸಂಸ್ಥೆಗಳು ಈ ಮಾರ್ಗವನ್ನು ಹಂಚಿಕೊಂಡಿವೆ. ಇವು ಇಂದಿಗೂ ಸರಕನ್ನು ಸಾಗಿಸುವ, ಒಂದು ಊರಿನಿಂದ ಪಕ್ಕದ ಊರಿಗೆ ಹೋಗುವ ಸ್ಥಳೀಯರನ್ನು ಹತ್ತಿಸಿಕೊಳ್ಳುವ ಹಡಗುಗಳು. ಕೆಲವು ಬಂದರುಗಳಲ್ಲಿ ನಿಲ್ಲುವುದು ಹದಿನೈದು ನಿಮಿಷ ಮಾತ್ರ. ರಾತ್ರಿ ಎರಡು ಗಂಟೆಗೂ ಸರಕು ಇಳಿಯುವ ಸದ್ದು ಕೇಳುತ್ತದೆ. ಆದ್ದರಿಂದ ಕೋಣೆಯನ್ನು ಆರಿಸುವಾಗ ಸರಕಿನ ಬಾಗಿಲಿನಿಂದ ದೂರವಾದ ಮೇಲಿನ ಅಂತಸ್ತನ್ನು ಕೇಳಿ ಪಡೆದೆ. ಉತ್ತರಕ್ಕೆ ಹೋಗುವಾಗ ನಾಡು ಪೂರ್ವಕ್ಕಿರುವುದರಿಂದ ಬಾಲ್ಕನಿ ಹಡಗಿನ ಬಲಬದಿಗೆ ಇರಬೇಕೆಂದೂ ಕೇಳಿದ್ದೆ. ಈ ಎರಡು ಸಣ್ಣ ಬೇಡಿಕೆಗಳಿಂದ ಸಿಕ್ಕಷ್ಟು ಸುಖ ಬೇರೆ ಯಾವ ಖರ್ಚಿನಿಂದಲೂ ಸಿಗಲಿಲ್ಲ.

ಬೇಸಿಗೆಯಾದ್ದರಿಂದ ಹಡಗು ಗೈರಾಂಗರ್ ಫ್ಯೋರ್ಡಿನೊಳಕ್ಕೂ ಹೋಗಿಬಂದಿತು. ಓಲೆಸುಂಡ್ ನಗರದಲ್ಲಿ ಇಳಿದು ಸ್ವಲ್ಪ ಹೊತ್ತು ನಡೆದೆವು. 1904ರ ಜನವರಿ 23ರ ರಾತ್ರಿ ಆ ಊರು ಸುಟ್ಟುಹೋಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡಿದ್ದರು. ಮೂರೇ ವರ್ಷಗಳಲ್ಲಿ ಅದನ್ನು ಕಲ್ಲು ಇಟ್ಟಿಗೆಗಳಲ್ಲಿ, ಆ ಕಾಲದ ಹೊಸ ಶೈಲಿಯಾದ ಆರ್ಟ್ ನೂವೊದಲ್ಲಿ ಮತ್ತೆ ಕಟ್ಟಿದರು. ಹೀಗಾಗಿ ಊರಿನ ಬೀದಿಗಳಿಗೆಲ್ಲ ಒಂದೇ ಕೈಯ ಕೆಲಸದಂತಹ ಹೊಂದಿಕೆಯಿದೆ. ಹಡಗು ಹತ್ತಿದ ನಾಲ್ಕನೆಯ ದಿನ ಬೆಳಿಗ್ಗೆ ಆರ್ಕ್ಟಿಕ್ ವೃತ್ತವನ್ನು ದಾಟಿದಾಗ, ಅದರ ಗುರುತಾಗಿ ಸಣ್ಣ ದ್ವೀಪವೊಂದರ ಮೇಲಿಟ್ಟ ಲೋಹದ ಗೋಳವನ್ನು ನೋಡಲು ಎಲ್ಲರೂ ಮೇಲೆ ಬಂದು ನಿಂತಿದ್ದರು.

ಊಟದ ಬಗ್ಗೆಯೂ ಒಂದು ಮಾತು. ಅಮ್ಮ ಸೋಮವಾರ ಮತ್ತು ಏಕಾದಶಿಯಂದು ಮೀನು ಮಾಂಸ ಮುಟ್ಟುವುದಿಲ್ಲ. ಹಡಗಿಗೂ ಹೋಟೆಲುಗಳಿಗೂ ಆ ದಿನಾಂಕಗಳನ್ನು ಎರಡು ತಿಂಗಳು ಮೊದಲೇ ಬರೆದು ತಿಳಿಸಿದ್ದೆ. ಒಂದು ಕಡೆ ಮಾತ್ರ ಅದನ್ನು ಮರೆತಿದ್ದರು. ಆ ರಾತ್ರಿ ನಾವು ಒಯ್ದಿದ್ದ ಅವಲಕ್ಕಿ, ಮೊಸರು ಅಮ್ಮನ ಊಟವಾಯಿತು. ಹಳ್ಳಿಗಳಲ್ಲಿ ಅಡುಗೆಮನೆ ಬೇಗ ಮುಚ್ಚುತ್ತದೆ, ಭಾನುವಾರ ಹೆಚ್ಚಿನ ಅಂಗಡಿಗಳು ತೆರೆಯುವುದೇ ಇಲ್ಲ. ಎಷ್ಟೇ ದುಬಾರಿ ಪ್ರವಾಸವಾದರೂ ಒಂದು ಸಣ್ಣ ಡಬ್ಬಿ ಚಟ್ನಿಪುಡಿಯನ್ನೂ ಸಾರಿನ ಪುಡಿಯನ್ನೂ ಒಯ್ಯುವುದರಲ್ಲಿ ಸಂಕೋಚ ಬೇಡ.

ಲೊಫೊಟೆನ್‌ನ ಸ್ವೊಲ್ವಾರ್‌ನಲ್ಲಿ ಹಡಗಿನಿಂದ ಇಳಿದಾಗ ರಾತ್ರಿಯಾಗಿದ್ದರೂ ಬೆಳಕು ನಮ್ಮೂರ ಸಂಜೆ ಐದು ಗಂಟೆಯಷ್ಟಿತ್ತು. ಒಂದು ರಾತ್ರಿ ಅಲ್ಲಿಯೇ ಉಳಿದು, ಮರುದಿನ ಬಾಡಿಗೆ ಕಾರಿನಲ್ಲಿ ನುಸ್‌ಫ್ಯೋರ್ಡ್ ಎಂಬ ಮೀನುಗಾರರ ಹಳ್ಳಿಗೆ ಹೋದೆವು. ಗೇರ್ ಬದಲಿಸುವ ಅಗತ್ಯವಿಲ್ಲದ ಕಾರನ್ನು ಮೊದಲೇ ಹೇಳಿ ಇರಿಸಿಕೊಂಡಿದ್ದೆವು. ರಸ್ತೆಯ ಬಲಬದಿಯಲ್ಲಿ ಓಡಿಸುವ ಅಭ್ಯಾಸವಿಲ್ಲದ ನನ್ನ ಪತಿಗೆ ಕಿರಿದಾದ ಸೇತುವೆಗಳ ಮೇಲೆ ಅದು ದೊಡ್ಡ ಸಹಾಯವಾಯಿತು. ನಾವು ತಂಗಿದ್ದು ರೋರ್‌ಬು ಎಂಬ ಕೆಂಪು ಮರದ ಮನೆಯಲ್ಲಿ. ‘ರೋ’ ಎಂದರೆ ಹುಟ್ಟು ಹಾಕುವುದು, ‘ಬು’ ಎಂದರೆ ಬಿಡಾರ. ಚಳಿಗಾಲದ ಮೀನುಗಾರಿಕೆಗೆ ದೋಣಿ ಹುಟ್ಟು ಹಾಕಿಕೊಂಡು ಬರುವವರಿಗಾಗಿ ಕಟ್ಟಿದ ಈ ಗುಡಿಸಲುಗಳನ್ನು ಈಗ ಒಳಗಿನಿಂದ ನವೀಕರಿಸಿ ಅತಿಥಿಗಳಿಗೆ ಕೊಡುತ್ತಾರೆ. ನೀರಿನ ಮೇಲೆ ಕಂಬಗಳನ್ನು ನೆಟ್ಟು ಕಟ್ಟಿದ್ದರಿಂದ ಉಬ್ಬರದ ಹೊತ್ತಿಗೆ ನೆಲದಡಿಯಲ್ಲೇ ಅಲೆಯ ಸದ್ದು ಕೇಳುತ್ತಿತ್ತು. ಸುತ್ತಲಿನ ಬೆಟ್ಟ ಅಡ್ಡ ಬರುವುದರಿಂದ ಆ ಹಳ್ಳಿಯಲ್ಲಿ ನಡುರಾತ್ರಿಯ ಸೂರ್ಯ ಕಾಣುವುದಿಲ್ಲವೆಂದು ನನಗೆ ಮೊದಲೇ ತಿಳಿದಿತ್ತು. ಅದಕ್ಕಾಗಿ ಉತ್ತರಕ್ಕೆ ತೆರೆದ ಉತ್ತಕ್ಲೈವ್ ಕಡಲ ತೀರಕ್ಕೆ ರಾತ್ರಿ ಹತ್ತೂವರೆಗೆ ಹೊರಟು ಹೋದೆವು. ಸೂರ್ಯ ನೀರಿನ ಅಂಚಿಗೆ ಇಳಿದು, ಮುಟ್ಟದೆ, ಬಲಕ್ಕೆ ಸರಿದು ಮತ್ತೆ ಮೇಲೇರಿದನು. ನಿದ್ದೆಯ ವಿಷಯದಲ್ಲಿ ಮಾತ್ರ ನನ್ನ ಸಿದ್ಧತೆ ಸಾಲದಾಯಿತು: ಕಿಟಕಿಯ ಪರದೆ ಬೆಳಕನ್ನು ಪೂರ್ತಿ ತಡೆಯಲಿಲ್ಲ, ಕಣ್ಣಿಗೆ ಕಟ್ಟುವ ಪಟ್ಟಿಯನ್ನು ಅಮ್ಮನಿಗಾಗಿ ಒಯ್ಯಬೇಕಾಗಿತ್ತು.

ಓ ಎಂಬ ಒಂದೇ ಅಕ್ಷರದ ಹೆಸರಿನ ಊರಿನಲ್ಲಿ ಒಣಮೀನಿನ ವಸ್ತುಸಂಗ್ರಹಾಲಯವಿದೆ. ಬಾರೆಂಟ್ಸ್ ಸಮುದ್ರದಿಂದ ಜನವರಿಯ ಹೊತ್ತಿಗೆ ಮೊಟ್ಟೆಯಿಡಲು ಬರುವ ಕಾಡ್ ಮೀನನ್ನು ಹಿಡಿದು, ಜೋಡಿಯಾಗಿ ಬಾಲಕ್ಕೆ ಬಾಲ ಕಟ್ಟಿ, ಮರದ ಹಂದರಗಳ ಮೇಲೆ ಬೇಸಿಗೆಯ ಮೊದಲವರೆಗೂ ತೂಗುಹಾಕುತ್ತಾರೆ. ಅಮ್ಮ ಒಂದು ಮೀನನ್ನು ಕೈಗೆತ್ತಿಕೊಂಡು ಮೂಸಿ, ಇದಕ್ಕೆ ಉಪ್ಪು ಹಾಕಿಲ್ಲವಲ್ಲ ಎಂದರು. ಅವರು ಹೇಳಿದ್ದು ನಿಜ. ಅಲ್ಲಿನ ಚಳಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಮೀನು ಕೊಳೆಯುವುದೂ ಇಲ್ಲ, ಗಟ್ಟಿಯಾಗಿ ಹೆಪ್ಪುಗಟ್ಟುವುದೂ ಇಲ್ಲ, ನೊಣದ ಕಾಟವೂ ಇಲ್ಲ. ಗಾಳಿಯೊಂದೇ ಅದನ್ನು ಒಣಗಿಸುತ್ತದೆ. ನಮ್ಮ ಸೆಕೆಯಲ್ಲಿ ಉಪ್ಪಿಲ್ಲದೆ ಮೀನು ಒಂದು ದಿನವೂ ನಿಲ್ಲದು. ಇಟಲಿಗೂ ನೈಜೀರಿಯಾಕ್ಕೂ ಇಂದಿಗೂ ಆ ಮೀನು ಹೋಗುತ್ತದೆಂದು ತಿಳಿದಾಗ ಅಮ್ಮ ಕೇಳಿದ್ದು, ಅವರು ಅದನ್ನು ಎಷ್ಟು ಹೊತ್ತು ನೆನೆಸುತ್ತಾರೆ ಎಂದು. ದಿನಗಟ್ಟಲೆ ನೆನೆಸಬೇಕು ಎಂಬ ಉತ್ತರ ಬಂದಿತು.

ಹೊರಡುವ ದಿನ ದಟ್ಟ ಮಂಜು ಕವಿದು ಲೆಕ್ನೆಸ್‌ನ ಸಣ್ಣ ವಿಮಾನ ನಿಲ್ದಾಣದಿಂದ ಬೂಡೊಗೆ ಹೋಗಬೇಕಾದ ನಮ್ಮ ವಿಮಾನ ರದ್ದಾಯಿತು. ಕೊನೆಗೆ ಓಸ್ಲೊದಲ್ಲಿ ಎರಡು ರಾತ್ರಿ ಸುಮ್ಮನೆ ದಂಡ ಎಂದು ಏಜೆಂಟರು ಹೇಳಿದ್ದು ನನಗೆ ನೆನಪಾಯಿತು. ಆ ಎರಡರಲ್ಲಿ ಒಂದು ರಾತ್ರಿಯನ್ನು ಲೆಕ್ನೆಸ್‌ನಲ್ಲಿಯೇ ಕಳೆದು, ಮರುದಿನ ಮಧ್ಯಾಹ್ನ ಓಸ್ಲೊ ತಲುಪಿದೆವು. ಭಾರತಕ್ಕೆ ಮರಳುವ ವಿಮಾನಕ್ಕೆ ಇನ್ನೂ ಒಂದು ರಾತ್ರಿ ಬಾಕಿಯಿತ್ತು. ಆ ಸಂಜೆ ಅಮ್ಮನನ್ನು ಆಪೆರಾ ಭವನಕ್ಕೆ ಕರೆದುಕೊಂಡು ಹೋದೆವು. 2008ರಲ್ಲಿ ತೆರೆದ ಆ ಭವನದ ಬಿಳಿ ಅಮೃತಶಿಲೆಯ ಮಾಡು ನೀರಿನ ಅಂಚಿನಿಂದಲೇ ಇಳಿಜಾರಾಗಿ ಮೇಲೇರುತ್ತದೆ, ಯಾರು ಬೇಕಾದರೂ ಅದರ ಮೇಲೆ ನಡೆಯಬಹುದು. ಮೆಟ್ಟಿಲುಗಳಿಲ್ಲದ ಆ ಇಳಿಜಾರನ್ನು ಅಮ್ಮ ನನ್ನ ಕೈ ಹಿಡಿದು, ಎರಡು ಕಡೆ ನಿಂತು ಸುಧಾರಿಸಿಕೊಂಡು, ತುದಿಯವರೆಗೂ ಹತ್ತಿದರು. ಮಳೆ ಬಿದ್ದಾಗ ಆ ಕಲ್ಲು ಜಾರುತ್ತದೆ. ರಬ್ಬರ್ ಅಡಿಯ ಬೂಟು ಹಾಕಿಕೊಂಡು ಹೋಗಬೇಕು.