ಜಪಾನಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಹೊರಟವರ ಉಡುಪು

ನಮ್ಮ ಶಿವಮೊಗ್ಗದ ಕಡೆಯಿಂದ ಜಪಾನಿನ ಶಾಲೆಗಳಿಗೆ ಇಂಗ್ಲಿಷ್ ಕಲಿಸಲು ಹೊರಟಿರುವವರು ಬಟ್ಟೆಗಿಂತ ಮೊದಲು ಪಾದರಕ್ಷೆಯ ಬಗ್ಗೆ ಯೋಚಿಸಬೇಕು. ಅಲ್ಲಿ ಹೊರಗಿನ ಶೂಗಳನ್ನು ಬಾಗಿಲಲ್ಲೇ ಕಳಚಿಟ್ಟು, ಶಾಲೆಯ ಒಳಗಷ್ಟೇ ಬಳಸುವ ಬೇರೆ ಜೋಡಿಯನ್ನು ಹಾಕಿಕೊಳ್ಳುವುದು ರೂಢಿಯಾದ್ದರಿಂದ, ಲೇಸ್ ಇಲ್ಲದ, ನೆಲಕ್ಕೆ ಕಪ್ಪು ಗೆರೆ ಹತ್ತಿಸದ ಹಗುರ ಶೂ ಮತ್ತು ತೂತಿಲ್ಲದ ಕಾಲುಚೀಲಗಳು ಅಗತ್ಯ. ಏಪ್ರಿಲ್‌ನ ಶಾಲಾರಂಭ ಸಮಾರಂಭಕ್ಕೆ ಗಾಢ ಬಣ್ಣದ ಸೂಟ್ ಬೇಕೇ ಬೇಕು. ಅದನ್ನು ಇಲ್ಲಿಯೇ ಗಾಂಧಿ ಬಜಾರಿನಲ್ಲಿ ಬಟ್ಟೆ ಆರಿಸಿ, ಅಳತೆ ಕೊಟ್ಟು ಹೊಲಿಸಿಕೊಳ್ಳುವುದು ಒಳ್ಳೆಯದು. ಅಲ್ಲಿನ ಸರ್ಕಾರ 2005ರಲ್ಲಿ ಆರಂಭಿಸಿದ ‘ಕೂಲ್ ಬಿಜ್’ (ಬೇಸಿಗೆಯಲ್ಲಿ ಕೆಲಸಕ್ಕೆ ಹಗುರ ಉಡುಪು ತೊಡಿ ಎನ್ನುವ) ಅಭಿಯಾನದ ನಂತರ ಬೇಸಿಗೆಯಲ್ಲಿ ಟೈ, ಕೋಟು ಬಿಡುವುದು ಸಾಮಾನ್ಯವಾಗಿದ್ದರೂ ಜೀನ್ಸ್ ಬೇಡ. ಮಳೆಗಾಲದಲ್ಲಿ ಹೊರಡುವವರು ಕೋಟನ್ನು ಚೆನ್ನಾಗಿ ಒಣಗಿಸಿಯೇ ಸೂಟ್‌ಕೇಸಿಗೆ ತುಂಬಿರಿ, ಮಲೆನಾಡಿನ ತೇವಕ್ಕೆ ಬೂಸಲು ಹಿಡಿದೀತು.