ಕಾಲು ಒಳಗೆ ವಾಲುತ್ತಾ? ಬ್ಯಾಸ್ಕೆಟ್‌ಬಾಲ್ ಶೂ ತಿರುಚಿ ನೋಡಿ, ಆಮೇಲೆ ಕೊಳ್ಳಿ

ನಿಮ್ಮ ಹಳೇ ಬ್ಯಾಸ್ಕೆಟ್‌ಬಾಲ್ ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಎರಡೂ ಒಳಗೆ ವಾಲಿಕೊಂಡು, ಗುಟ್ಟು ಮಾತಾಡುತ್ತಿರುವ ಹಾಗೆ ಕಾಣುತ್ತಿವೆಯೇ? ಈಗ ತಿರುಗಿಸಿ ಅಟ್ಟೆ ನೋಡಿ. ಹೆಬ್ಬೆರಳಿನ ಬುಡದ ಹತ್ತಿರ ಜಾಸ್ತಿ ಸವೆದಿದೆಯೇ? ಹಾಗಿದ್ದರೆ ನೀವು ಶೂ ಕೊಳ್ಳುವಾಗ ಬಣ್ಣ, ಬೆಲೆಗಿಂತ ಬೇರೆ ಕೆಲವನ್ನು ನೋಡಬೇಕು. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆಯುವುದು ಬಹಳ ಜನರಿಗೆ ಇದ್ದದ್ದೇ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕಾಲೂರಿದಾಗ ಪಾದ ಕೊಂಚ ಒಳಗೆ ವಾಲಲೇಬೇಕು. ನೆಲದ ಪೆಟ್ಟನ್ನು ದೇಹ ತಡೆದುಕೊಳ್ಳುವುದೇ ಹಾಗೆ. ಇದಕ್ಕೆ ಪ್ರೊನೇಷನ್ ಅನ್ನುತ್ತಾರೆ. ಅದು ಅತಿಯಾದರೆ ಓವರ್‌ಪ್ರೊನೇಷನ್. ಆಗ ಅಂಗಾಲಿನ ಕಮಾನು ಕುಸಿಯುತ್ತದೆ, ಅದರ ಹಿಂದೆಯೇ ಮೊಣಕಾಲೂ ಒಳಗೆ ತಿರುಗುತ್ತದೆ. ನಡೆಯುವಾಗ ಗೊತ್ತೇ ಆಗದಿರಬಹುದು. ರೀಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡಿಗೆ, ಹಾರಿ ಒಂಟಿ ಕಾಲಲ್ಲಿ ಇಳಿದಾಗ ಗೊತ್ತಾಗುತ್ತದೆ.

ಮನೆಯಲ್ಲೇ ಪರೀಕ್ಷೆ

ಪಾದ ಒದ್ದೆ ಮಾಡಿಕೊಂಡು ಹಳೇ ಪೇಪರಿನ ಮೇಲೆ ನಿಲ್ಲಿ. ರೆಡ್ ಆಕ್ಸೈಡ್ ನೆಲ ಇದ್ದರಂತೂ ಗುರುತು ಚೆನ್ನಾಗಿ ಮೂಡುತ್ತದೆ. ನಡುವೆ ಖಾಲಿ ಜಾಗವೇ ಇಲ್ಲದೆ ಇಡೀ ಪಾದ ಅಚ್ಚಾಗಿದ್ದರೆ ಕಮಾನು ತಗ್ಗಿದೆ ಎಂದರ್ಥ. ಆದರೆ ಚಪ್ಪಟೆ ಪಾದ ಬೇರೆ, ಓವರ್‌ಪ್ರೊನೇಷನ್ ಬೇರೆ. ಹಾಗಾಗಿ ಇನ್ನೊಂದು ಕೆಲಸ ಮಾಡಿ. ಬರಿಗಾಲಲ್ಲಿ, ಒಂಟಿ ಕಾಲಲ್ಲಿ ನಿಂತು ನಿಧಾನಕ್ಕೆ ಅರ್ಧ ಬಸ್ಕಿ ಹೊಡೆಯಿರಿ, ಯಾರಾದರೂ ಫೋನಿನಲ್ಲಿ ಮುಂದಿನಿಂದಲೂ ಹಿಂದಿನಿಂದಲೂ ವಿಡಿಯೊ ಮಾಡಲಿ. ಪಾದ ಒಳಗೆ ಕುಸಿದು, ಮೊಣಕಾಲು ಹೆಬ್ಬೆರಳನ್ನೂ ದಾಟಿ ಒಳಗೆ ಹೋಗುತ್ತಿದ್ದರೆ ನಿಮ್ಮ ಅನುಮಾನ ನಿಜವಿರಬಹುದು.

ಅಂಗಡಿಯಲ್ಲಿ ಕೈಗೆ ಕೆಲಸ ಕೊಡಿ

“ಒತ್ತಿ ನೋಡಿ ಸಾರ್, ಎಷ್ಟು ಮೆತ್ತಗಿದೆ!” ಈ ಮಾತಿಗೆ ಮರುಳಾಗಿ ನಾನೂ ಒಮ್ಮೆ ದುಡ್ಡು ಸುರಿದಿದ್ದೇನೆ. ಹಾಕಿಕೊಂಡಾಗ ಹತ್ತಿಯ ಹಾಸಿಗೆ. ಮೂರು ವಾರ ಸಿಮೆಂಟ್ ಕೋರ್ಟಿನಲ್ಲಿ ಆಡಿದ ಮೇಲೆ ಕಣಕಾಲಿನ ಮೂಳೆಯ ಒಳಬದಿಯಲ್ಲಿ ನೋವು. ತೀರಾ ಮೆತ್ತನೆ ಫೋಮ್ ಒಳಬದಿಯಲ್ಲಿ ಅಮುಕಿಕೊಂಡರೆ, ಮೊದಲೇ ವಾಲುವ ಪಾದ ಇನ್ನಷ್ಟು ವಾಲುತ್ತದೆ ಅಲ್ವಾ?

ಆದ್ದರಿಂದ ಹಾಕಿಕೊಳ್ಳುವ ಮೊದಲೇ ಶೂ ಕೈಗೆತ್ತಿಕೊಳ್ಳಿ. ಹಿಮ್ಮಡಿಯ ಹಿಂಭಾಗವನ್ನು ಎರಡೂ ಕಡೆಯಿಂದ ಹೆಬ್ಬೆರಳಲ್ಲಿ ಒತ್ತಿ. ಮಾಗಿದ ಮಾವಿನ ಹಣ್ಣಿನ ಹಾಗೆ ಒಳಗೆ ಹೋದರೆ ಅಲ್ಲೇ ಇಟ್ಟುಬಿಡಿ. ಆಮೇಲೆ ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಮುಂಭಾಗ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಒಳ್ಳೆಯ ಶೂ ಸುಲಭಕ್ಕೆ ತಿರುಚಿಕೊಳ್ಳುವುದಿಲ್ಲ, ಏಕೆಂದರೆ ನಡುವೆ ಗಟ್ಟಿ ಪ್ಲಾಸ್ಟಿಕ್ ಅಥವಾ ಕಾರ್ಬನ್ ಪಟ್ಟಿ ಇರುತ್ತದೆ. ಕೊನೆಗೆ ಮಡಚಿ ನೋಡಿ. ಬೆರಳುಗಳ ಬುಡದಲ್ಲಿ ಮಡಚಬೇಕು, ನಟ್ಟನಡುವೆ ಅಲ್ಲ.

ಅಟ್ಟೆ ಅಗಲವಾಗಿರಲಿ, ಅದರಲ್ಲೂ ನಡುಭಾಗ ತೀರಾ ಸಣ್ಣಗಿರಬಾರದು. ಸಿಮೆಂಟ್ ಕೋರ್ಟಿನಲ್ಲಿ ಆಡುವವರು ಗಟ್ಟಿ ರಬ್ಬರಿನ, ಆಳ ಗೀರುಗಳ ಅಟ್ಟೆ ಹುಡುಕಬೇಕು. ಮರದ ನೆಲಕ್ಕೆಂದು ಮಾಡಿದ ಮೆದು ರಬ್ಬರ್ ಅಲ್ಲಿ ಬೇಗ ಸವೆದುಹೋಗುತ್ತದೆ. ಸವೆದ ಅಟ್ಟೆಯೂ ಕಾಲನ್ನು ವಾಲಿಸುತ್ತದೆ.

ಓಡುವ ಶೂಗಳಲ್ಲಿ ಒಳಬದಿಗೆ ಗಟ್ಟಿ ಫೋಮ್ ಕೂರಿಸಿ, ಓವರ್‌ಪ್ರೊನೇಷನ್‌ಗೆಂದೇ ಮಾಡಿದ ಮಾದರಿಗಳಿವೆ. ಬ್ಯಾಸ್ಕೆಟ್‌ಬಾಲ್ ಶೂಗಳಲ್ಲಿ ಅಂಥವು ಅಪರೂಪ. ಹಾಗಂತ ಓಡುವ ಶೂ ಹಾಕಿಕೊಂಡು ಕೋರ್ಟಿಗೆ ಇಳಿಯಬೇಡಿ. ಅವು ನೇರ ಓಟಕ್ಕೆ ಮಾಡಿದವು, ಪಕ್ಕಕ್ಕೆ ಜಿಗಿದಾಗ ಕಾಲು ಉಳುಕೀತು.

ಎತ್ತರದ ಶೂ ಬೇಕೇ ಬೇಕಾ?

ಬೇಡ. ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಾಂಟ್ 2009 ಮತ್ತು 2010ರಲ್ಲಿ ಲೇಕರ್ಸ್‌ ತಂಡದ ಜೊತೆ ಅಮೆರಿಕದ ಎನ್‌ಬಿಎ ಲೀಗ್ ಪ್ರಶಸ್ತಿ ಗೆದ್ದಾಗ ಹಾಕುತ್ತಿದ್ದದ್ದು ಗಿಡ್ಡ ಶೂ. ಎತ್ತರದ ಕಾಲರ್ ಇರುವುದು ಮುಖ್ಯವಾಗಿ ಕಾಲು ಹೊರಕ್ಕೆ ಉಳುಕದಿರಲಿ ಅಂತ. ಕೆಳಗೆ ಕುಸಿಯುವ ಕಮಾನನ್ನು ಅದು ಎತ್ತಿ ಹಿಡಿಯುವುದಿಲ್ಲ. ಸುಮ್ನೆ ಧೈರ್ಯಕ್ಕೆ ಬೇಕೆಂದರೆ ಹಾಕಿಕೊಳ್ಳಿ, ತಪ್ಪೇನಿಲ್ಲ.

ಅಳತೆ, ಇನ್‌ಸೋಲ್, ಲೇಸ್

ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಆಡುವಾಗ ಹಾಕುವ ದಪ್ಪ ಸಾಕ್ಸ್ ತೆಗೆದುಕೊಂಡು ಹೋಗಿ. ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ. ಇನ್‌ಸೋಲ್, ಅಂದರೆ ಶೂ ಒಳಗಿನ ಹಾಸು, ಕೈಯಿಂದ ಎಳೆದರೆ ಹೊರಗೆ ಬರಬೇಕು. ಇದು ಬಹಳ ಮುಖ್ಯ. ಕಮಾನಿಗೆ ಆಧಾರ ಕೊಡುವ ಇನ್‌ಸೋಲನ್ನು ಬೇರೆಯಾಗಿ ಕೊಂಡು ಕೂರಿಸಲು ಆಗ ಸಾಧ್ಯ. ಹಳೆಯದನ್ನು ತೆಗೆದೇ ಹೊಸದನ್ನು ಹಾಕಿ, ಒಂದರ ಮೇಲೊಂದು ಹಾಕಿದರೆ ಹಿಮ್ಮಡಿ ಮೇಲೆದ್ದು ಶೂ ಜಾರುತ್ತದೆ. ಈಗಾಗಲೇ ಇನ್‌ಸೋಲ್ ಇದ್ದರೆ ಅದನ್ನು ಅಂಗಡಿಗೇ ಒಯ್ದು ಹಾಕಿ ನೋಡಿ.

ಕಟ್ಟುವಾಗ ಕೊನೆಯ ತೂತನ್ನು ಬಿಡಬೇಡಿ. ಲೇಸನ್ನು ಅದೇ ಬದಿಯ ಮೇಲಿನ ತೂತಿಗೆ ಹಾಕಿ ಎರಡೂ ಕಡೆ ಪುಟ್ಟ ಕುಣಿಕೆ ಮಾಡಿ. ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗಿಂದ ತಂದು ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡುವುದಿಲ್ಲ.

ಹೊಸ ಶೂವಿನಲ್ಲಿ ನೇರವಾಗಿ ಮ್ಯಾಚ್ ಆಡಬೇಡಿ. ಮೊದಲ ವಾರ ಅರ್ಧ ಗಂಟೆ ಶೂಟಿಂಗ್ ಅಭ್ಯಾಸ ಸಾಕು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಚುಚ್ಚಿದಂತಾದರೆ, ಕಣಕಾಲಿನ ಒಳಬದಿ ನೋವು ವಾರಗಟ್ಟಲೆ ಹೋಗದಿದ್ದರೆ, ಮೂಳೆ ಡಾಕ್ಟರಿಗೋ ಫಿಸಿಯೋಗೋ ತೋರಿಸಿ. ಹೋಗುವಾಗ ಹಳೇ ಶೂಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ.